ನಮ್ಮತ್ತೆಯ ಕಡವು

ನಮ್ಮತ್ತೆಯಂಥ ತ್ಯಾಗಿ ಹಾಸನ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆಕೆ ಕಡವೆಯ ಮಾಂಸ ಬಿಟ್ಟಿದ್ದಾಳೆ. ಕಡವೆಯ ಚರ್ಮದ ಚಪ್ಪಲಿ ಬಿಟ್ಟಿದ್ದಾಳೆ. ಬೆಂಕಿಕಡ್ಡಿ ಗೀರುವುದು ಬಿಟ್ಟಿದ್ದಾಳೆ, ಪ್ಲೈವುಡ್ ಮಂಚದ ಮೇಲೆ ಮಲಗುವುದು ಬಿಟ್ಟಿದ್ದಾಳೆ, ಸ್ವಲ್ಪ ಕಾಲ ಸೇತುವೆಯ ಮೇಲೆ ಕಾಲೂರುವುದನ್ನೂ ಬಿಟ್ಟಿದ್ದಳು! ಇವುಗಳಲ್ಲಿ ಮೊದಲಿನ ಎರಡು ಆಕೆಗೆ ಹುಟ್ಟಿದಾಗಿನಿಂದ ಸಿಕ್ಕೇ ಇರಲಿಲ್ಲ ಎಂಬುದು ಬೇರೆ ಮಾತು. ಕಾಡಿನ ಕಡವೆಗೆ ಕೈಯಿಟ್ಟರೆ ಈಗ ಜೈಲೇ ಗತಿ. ಸಿಗದ ವಸ್ತುವನ್ನು ಬಿಡುವುದು ಯಾವ ಸೀಮೆಯ ವ್ರತ ಎಂದು ನೀವು ಕೇಳಬಹುದು. ನಮ್ಮಪ್ಪನೂ ಕೇಳಿದ್ದ.

‘ಅಕ್ಕಾ, ಅಂಗಾದ್ರೆ ನಾನೂ ಹುಲಿ ಮಾಂಸ ಬಿಟ್ಟಿವ್ನಿ, ಆನೆ ಮಾಂಸ ಬಿಟ್ಟಿವ್ನಿ. ನಂಗೂ ಒಂದು ಆರತಿ ಎತ್ತು.’

‘ನೀನು ಬುಟ್ಟಿಲ್ಲ ಕಣ್ಲಾ, ನಿಂಗೆ ಸಿಕ್ಕಿಲ್ಲ,’ ಎಂದಳು ಅತ್ತೆ. ‘ನಂಗೆ ಸಿಕ್ಕಿದ್ರೂ ತಿನ್ನಾಕಿಲ್ಲ. ಅದೇ ಯತ್ಯಾಸ.’

ವಾದದಲ್ಲಿ ಅತ್ತೆಯನ್ನು ಗೆದ್ದವರನ್ನು ನಾನಂತೂ ನೋಡಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಚನ್ನರಾಯಪಟ್ಟಣದ ನಮ್ಮ ಮನೆಯ ಹಿತ್ತಿಲ ಕಡೆಯ ಕೋಣೆ ಅವಳದು. ನಾನು ಹುಟ್ಟುವ ಮೊದಲೇ ಅವಳು ಆ ಕೋಣೆಗೆ ಬಂದಾಗಿತ್ತು. ಅವಳ ಈ ವ್ರತಗಳ ಮೂಲ ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಬೆಡಗು ಇರುತ್ತದೆ. ಬೆಡಗು ಅಂದರೆ ವಂಶದ ಗುರುತು. ಯಾವುದೋ ಪ್ರಾಣಿ, ಗಿಡ, ಕಾಯಿ, ಹೀಗೆ ಏನಾದರೊಂದರ ಹೆಸರು ಅದಕ್ಕೆ. ಆ ಹೆಸರಿನ ವಸ್ತುವನ್ನು ಆ ಮನೆಯವರು ತಿನ್ನುವಂತಿಲ್ಲ, ಕಡಿಯುವಂತಿಲ್ಲ, ತುಳಿಯುವಂತಿಲ್ಲ. ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಮದುವೆಯಾದ ಹೆಣ್ಣು ತವರಿನ ಬೆಡಗು ಬಿಟ್ಟು ಗಂಡನ ಬೆಡಗಿಗೆ ಸೇರುತ್ತಾಳೆ. ನಮ್ಮದು ಕುಂಬಳದ ಬೆಡಗು. ಆದ್ದರಿಂದ ನಮ್ಮ ಮನೆಯೊಳಗೆ ಬೂದುಗುಂಬಳ ಬರುವುದಿಲ್ಲ. ಹೋಟೆಲಿನಲ್ಲಿ ಸಾಂಬಾರಿನೊಳಗೆ ಬೆಳ್ಳಗೆ ಏನಾದರೂ ತೇಲಿದರೆ ಅಪ್ಪ ಮಾಣಿಯನ್ನು ಕರೆದು ವಿಚಾರಣೆ ಮಾಡಿಯೇ ಬಾಯಿಗಿಡುವುದು.

ಅತ್ತೆಯ ಗಂಡನ ಬೆಡಗು ಕಡವು.

ಧಾರೆಯಾದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು, ‘ಇವತ್ತಿಂದ ನೀನು ಕಡವು ಬೆಡಗಿನೋಳು ಕಣವ್ವ, ಜ್ಞಾನ ಇರ್ಲಿ’ ಎಂದರಂತೆ. ಅತ್ತೆಗೆ ಜ್ಞಾನವೇನೋ ಇತ್ತು, ಕಡವು ಅಂದರೆ ಏನೆಂದು ಗೊತ್ತಿರಲಿಲ್ಲ! ತನ್ನ ಅತ್ತೆ ಮಾವಂದಿರನ್ನು ಕೇಳಲು ಭಯ. ಕೇಳಬಹುದಾದವನು ಗಂಡನೊಬ್ಬನೇ. ಅವನ ಮುಂದೆಯೂ ತಲೆಯೆತ್ತಲು ನಾಚಿಕೆ. ಆದರೂ ಧೈರ್ಯ ಮಾಡಿ ಕೇಳಿದಳಂತೆ: ‘ಕಡವು ಅಂದ್ರೇನು? ನಾನೇನು ತಿನ್ನಬಾರದು?’ ಅವನು ನಕ್ಕು, ‘ನಾಳೆ ಹೇಳ್ತೀನಿ’ ಎಂದ. ಮರುದಿನ ಕೇಳಿದಳು. ನಾಳೆ ಎಂದ. ಯುಗಾದಿ ಕಳೆದು ಆ ಮನೆಗೆ ಹೋದವಳು ಗೌರಿ ಹಬ್ಬಕ್ಕೆ ಮೊದಲೇ ತವರಿಗೆ ವಾಪಸು ಬಂದಳು. ಅವನು ಜ್ವರದಲ್ಲಿ ಹೋಗಿಬಿಟ್ಟಿದ್ದ. ಮಗುವಿಲ್ಲದ ಸೊಸೆಯನ್ನು ಆ ಮನೆಯವರು ಇಟ್ಟುಕೊಳ್ಳಲಿಲ್ಲ. ಅದಾದ ಸ್ವಲ್ಪ ಕಾಲಕ್ಕೆ ಆ ಊರೇ ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಜನ ಎಲ್ಲೆಲ್ಲಿಗೋ ಚದುರಿಹೋದರು.

ಹೇಳಬೇಕಾದವನು ಹೋದ. ಬೇರೆ ಯಾರನ್ನಾದರೂ ಕೇಳೋಣವೆಂದರೆ ಊರೇ ಇಲ್ಲ. ಗಂಡನ ಮನೆಯಿಂದ ಅತ್ತೆಯ ಪಾಲಿಗೆ ಬಂದದ್ದು ಆ ಒಂದು ಹೆಸರು. ಅದು ಏನೆಂದು ತಿಳಿಯಬೇಕು, ತಿಳಿದು ಸರಿಯಾಗಿ ನಡೆದುಕೊಳ್ಳಬೇಕು, ಆ ಮನೆಯ ಸೊಸೆಯಾಗಿಯೇ ಕಣ್ಣು ಮುಚ್ಚಬೇಕು. ಅವಳಿಗೆ ಇರುವುದು ಇದೊಂದೇ ಆಸೆ. ಇದನ್ನು ಹುಚ್ಚು ಎಂದು ನಮ್ಮ ಮನೆಯವರೆಲ್ಲ ಹೆಸರಿಟ್ಟಿದ್ದೇವೆ. ನಾನೂ ಇಟ್ಟಿದ್ದೇನೆ, ಮುಚ್ಚುಮರೆ ಏನು?

ಆಸೆ ಸಣ್ಣದೇ. ಆದರೆ ಅದರಿಂದ ನಮ್ಮ ಮನೆಯಲ್ಲಾದ ರಾದ್ಧಾಂತ ಸಣ್ಣದಲ್ಲ. ‘ನೀನೀಗ ನಮ್ಮನೆಯೋಳೇ ಅಲ್ವಾ, ಕಡವು ಗಿಡವು ಎಲ್ಲಾ ಯಾಕೆ?’ ಎಂದು ಯಾರಾದರೂ ಬಾಯಿ ಜಾರಿ ಅಂದರೆ ಮುಗಿಯಿತು. ಮಾರನೆಯ ದಿನ ಅತ್ತೆ ಸಂತೆಯಿಂದ ಒಂದು ಬೂದುಗುಂಬಳ ತರುತ್ತಿದ್ದಳು! ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ತನ್ನದೇ ಬೇರೆ ಪಾತ್ರೆಯಲ್ಲಿ ಅದರ ಮಜ್ಜಿಗೆಹುಳಿ ಮಾಡಿ, ಹಿತ್ತಿಲ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಕೂತು ಉಣ್ಣುತ್ತಿದ್ದಳು. ನಾನು ಈ ಬೆಡಗಿನವಳಲ್ಲ, ಬೇಕಾದರೆ ನೋಡಿಕೊಳ್ಳಿ ಎಂಬುದು ಅದರ ಅರ್ಥ. ಅಜ್ಜಿ ಇದ್ದಾಗ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ತಿನ್ನುವುದನ್ನು ನೋಡಬಾರದೆಂದರೆ ಕಣ್ಣು ಮುಚ್ಚಬೇಕು, ಕಿವಿ ಯಾಕೆ ಮುಚ್ಚುತ್ತಿದ್ದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಒಮ್ಮೆ ನಾನು ಗುಟ್ಟಾಗಿ ಕೇಳಿದೆ, ‘ಅತ್ತೆ, ಅದು ರುಚಿಯಾಗಿರತ್ತಾ?’

ಅತ್ತೆ ಆಚೀಚೆ ನೋಡಿ, ‘ಥೂ, ನೀರು ನೀರು ಕಣೆ. ಯಾವನು ತಿಂತಾನೆ ಇದ್ನ?’ ಎಂದು ಇನ್ನೊಂದು ತುತ್ತು ನುಂಗಿದಳು.

ಅರ್ಥ ಹುಡುಕುವ ಕೆಲಸಕ್ಕೆ ಮೊದಲು ಶಾಸ್ತ್ರೀಯವಾದ ತಳಪಾಯ ಹಾಕಿದವರು ಹೊಳೆನರಸೀಪುರದಲ್ಲಿದ್ದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಅತ್ತೆಯ ಜೊತೆಗೆ ನಾನೂ ಹೋಗಿದ್ದೆ. ಮೇಷ್ಟ್ರಿಗೆ ಎಷ್ಟು ದಿನದಿಂದ ಶಿಷ್ಯರು ಸಿಕ್ಕಿರಲಿಲ್ಲವೋ ಏನೋ, ನಮ್ಮನ್ನು ಕೂರಿಸಿಕೊಂಡು ಎರಡು ಸಲ ಕಾಫಿ ತರಿಸಿದರು.

‘ಕಡವು ಬಹಳ ಹಳೆಯ ಮಾತು ತಾಯಿ. ಕಾಡಿನಲ್ಲಿರೋ ಕಡವೆಗೂ ಈ ಹೆಸರುಂಟು. ಕದಂಬದ ಮರ ಅಂತೀವಲ್ಲ, ಅದಕ್ಕೂ ಉಂಟು. ತಮಿಳರೂ ಆ ಮೃಗವನ್ನ ಕಡಮಾ ಅಂತಾರೆ, ಮರವನ್ನ ಕಡಂಬು ಅಂತಾರೆ. ಎರಡೂ ಒಂದೇ ಬೇರಿಂದ ಹುಟ್ಟಿದವೋ, ಬೇರೆ ಬೇರೆ ದಾರೀಲಿ ಬಂದು ಒಂದೇ ರೂಪಕ್ಕೆ ನಿಂತವೋ ಹೇಳೋದು ಕಷ್ಟ...’

ಹೀಗೆ ಮಾತು ಸಾಗಿತು. ಅತ್ತೆ ಬಹಳ ಭಕ್ತಿಯಿಂದ ಕೇಳಿದಳು. ಕೊನೆಗೆ ಕೈಮುಗಿದು, ‘ಅದೆಲ್ಲ ಸರಿ ಸಾ. ಈಗ ನಾನು ಪ್ರಾಣಿ ಬಿಡ್ಲಾ, ಮರ ಬಿಡ್ಲಾ?’ ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಅದಕ್ಕೆ ವ್ಯಾಕರಣದಲ್ಲಿ ಉತ್ತರ ಇಲ್ಲ ತಾಯಿ.’

‘ಅಂಗಾದ್ರೆ ಎರಡೂ ಬಿಟ್ಟೆ!’ ಎಂದು ಅತ್ತೆ ಎದ್ದಳು.

ಮನೆಗೆ ಬಂದು ನಾನೂ ನಿಘಂಟು ತೆಗೆದು ನೋಡಿದೆ. ಮೇಷ್ಟ್ರು ಹೇಳಿದ್ದು ಸರಿಯಾಗಿತ್ತು, ಎರಡೂ ಅರ್ಥ ಇದ್ದವು. ಒಂದು ಮೃಗಕ್ಕೂ ಒಂದು ಮರಕ್ಕೂ ಹಳಬರು ಒಂದೇ ಹೆಸರು ಯಾಕಿಟ್ಟರು? ಕಡವೆಯ ಕೊಂಬು ಮರದ ಕೊಂಬೆಯ ಹಾಗೆ ಕವಲೊಡೆಯುತ್ತದಲ್ಲ, ಅದಕ್ಕೋ? ಹೆಸರಿಡಲು ಕಾಡಿಗೆ ಹೋದ ಪುಣ್ಯಾತ್ಮ ಮರದ ಕೆಳಗೆ ಮೃಗ ನಿಂತದ್ದನ್ನು ಕಂಡು, ಯಾವುದನ್ನು ಕೇಳಿದರೂ ಇದೇ ಇರಲಿ ಎಂದು ಒಂದೇ ಏಟಿಗೆ ಕೆಲಸ ಮುಗಿಸಿದನೋ? ನನ್ನಂಥವರಿಗೆ ಇದು ಕಾಫಿ ಕುಡಿಯುತ್ತ ಮಾತಾಡುವ ವಿಷಯ. ಅತ್ತೆಗೆ ಹಾಗಲ್ಲ. ಆ ಹೆಸರು ಇಟ್ಟವರು ಅವಳಿಗೆ ಮಾವನ ಕಡೆಯ ಹಿರಿಯರು.

ಕಡವೆಯ ಪ್ರಕರಣದಲ್ಲಿ ಬಲಿಯಾದವಳು ನಾನು. ಅರಕಲಗೂಡಿನ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯ ಕೆಲಸದಲ್ಲಿದ್ದ, ಮೀಸೆಯೂ ಚೆನ್ನಾಗಿತ್ತು. ಗಂಡಿನ ಮನೆ ನೋಡಲು ಅಪ್ಪ, ಅಮ್ಮ, ಅತ್ತೆ ಹೋದರು. ಅದು ಪಟೇಲರ ಕಾಲದ ತೊಟ್ಟಿಮನೆ. ಪಡಸಾಲೆಯಲ್ಲಿ ಕೂತು ಉಪ್ಪಿಟ್ಟಿನ ತಟ್ಟೆಗೆ ಕೈಹಾಕಿದ ಅತ್ತೆ ಆಕಸ್ಮಿಕವಾಗಿ ತಲೆಯೆತ್ತಿ ಗೋಡೆ ನೋಡಿದಳು. ಅಲ್ಲಿ ಕವಲೊಡೆದ ಎರಡು ಕೊಂಬು ಹೊತ್ತ ಕಡವೆಯ ತಲೆ! ಯಾವ ಮುತ್ತಾತ ಬೇಟೆಯಾಡಿದ್ದೋ, ಗಾಜಿನ ಕಣ್ಣು ಹಾಕಿಸಿ ಮೊಳೆ ಹೊಡೆಸಿದ್ದರು. ಅತ್ತೆ ತಟ್ಟೆಯನ್ನು ಕೆಳಗಿಟ್ಟಳು.

‘ಇದ್ಯಾರು?’ ಎಂದು ಕೇಳಿದಳಂತೆ.

ಯಜಮಾನರಿಗೆ ಹೆಮ್ಮೆ. ‘ನಮ್ಮ ಮುತ್ತಾತ ಹೊಡೆದಿದ್ದು ಕಣಮ್ಮ. ಒಂದೇ ಗುಂಡಿಗೆ!’

‘ಸತ್ತೋರನ್ನ ಮಣ್ಣು ಮಾಡ್ದೆ ಗೋಡೆಗೆ ನೇತಾಕಿದೀರಲ್ಲ, ಸೂತಕ ಕಳ್ದಿದೀರಾ?’ ಎಂದು ಅತ್ತೆ ನೇರವಾಗಿ ಆ ಮನೆಯ ಬಚ್ಚಲಿಗೆ ಹೋಗಿ ತಲೆಯ ಮೇಲೆ ನಾಲ್ಕು ಚೊಂಬು ತಣ್ಣೀರು ಸುರಿದುಕೊಂಡು ಬಂದಳು. ಒದ್ದೆ ಸೀರೆಯಲ್ಲೇ ಗೋಡೆಗೆ ಕೈಮುಗಿದಳು. ಹೆಣ್ಣಿನ ಕಡೆಯವರು ಬಂದು ಮೊದಲ ದಿನವೇ ಸೂತಕದ ಸ್ನಾನ ಮಾಡಿದರೆ ಯಾರು ತಾನೇ ಸಂಬಂಧ ಬೆಳೆಸುತ್ತಾರೆ? ಆ ಮೀಸೆ ಕೈತಪ್ಪಿತು. ಆಮೇಲೆ ನನ್ನನ್ನು ಮದುವೆಯಾದ ಹಾಸನದ ಈಗಿನ ಗಂಡನ ಮನೆಗೆ ಮೊದಲು ಅತ್ತೆಯನ್ನೇ ಕಳಿಸಿ ಗೋಡೆ ಪರೀಕ್ಷೆ ಮಾಡಿಸಲಾಯಿತು. ಅಲ್ಲಿ ಒಂದು ಕ್ಯಾಲೆಂಡರ್, ಒಂದು ಗಡಿಯಾರ ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ದಾಂಪತ್ಯ ನಿಂತಿರುವುದೇ ಆ ಖಾಲಿ ಗೋಡೆಯ ಮೇಲೆ.

ಮರದ ಪ್ರಕರಣ ಇದಕ್ಕಿಂತ ಕಠಿಣವಾದದ್ದು. ಮೃಗವಾದರೆ ಕಾಡಿನಲ್ಲಿರುತ್ತದೆ, ಅದರ ಪಾಡಿಗೆ ಅದು. ಮರ ಹಾಗಲ್ಲವಲ್ಲ. ಕದಂಬದ ಮರವನ್ನು ಬೆಂಕಿಕಡ್ಡಿ ಮಾಡಲು, ಪೆಟ್ಟಿಗೆ ಮಾಡಲು, ಪ್ಲೈವುಡ್ಡಿಗೆ ಬಳಸುತ್ತಾರೆ ಎಂದು ಯಾರೋ ಅತ್ತೆಗೆ ಹೇಳಿಬಿಟ್ಟರು. ಹೇಳಿದವರ ಬಾಯಲ್ಲಿ ಹುಳ ಬೀಳ! ಅಂದಿನಿಂದ ಅತ್ತೆ ಬೆಂಕಿಕಡ್ಡಿ ಮುಟ್ಟಲಿಲ್ಲ. ಒಲೆಗೇನೋ ಟಿಕ್ ಟಿಕ್ ಎನ್ನುವ ಲೈಟರ್ ಇತ್ತು. ದೇವರ ದೀಪಕ್ಕೆ? ಅತ್ತೆ ಸ್ನಾನ ಮಾಡಿ ಬಂದು ಬತ್ತಿ ಹೊಸೆದು ಎಣ್ಣೆ ಹಾಕಿ, ‘ಯಾರಾದ್ರೂ ಬಂದು ಒಂದು ಕಡ್ಡಿ ಗೀರ್ರೇ’ ಎಂದು ಕೂಗುತ್ತಿದ್ದಳು. ಅಮ್ಮ ಕೈಯಲ್ಲಿದ್ದ ಹಿಟ್ಟು ತೊಳೆದುಕೊಂಡು ಬಂದು ಗೀರಬೇಕು. ‘ಪೂಜೆ ಇವ್ರುದು, ಪಾಪ ನಂದು,’ ಎನ್ನುತ್ತಿದ್ದಳು ಅಮ್ಮ.

ಹಾಸನದಲ್ಲಿ ನಮ್ಮ ಮನೆಗೆ ಹೊಸ ಮಂಚ ಮಾಡಿಸಿದಾಗ ಅತ್ತೆ ಬಂದಿದ್ದಳು. ಬಡಗಿಯನ್ನು ನಿಲ್ಲಿಸಿಕೊಂಡು, ‘ಇದು ಯಾವ ಮರ ಹೇಳಪ್ಪ, ಸುಳ್ಳು ಹೇಳ್ಬ್ಯಾಡ’ ಎಂದು ವಿಚಾರಣೆ ಶುರು ಮಾಡಿದಳು. ಅವನು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಅಮ್ಮಾ, ದೇವರಾಣೆ ಇದರಲ್ಲಿ ಮರಾನೇ ಕಮ್ಮಿ. ಎಲ್ಲಾ ಗೋಂದು!’ ಎಂದ. ಅತ್ತೆಗೆ ಸಮಾಧಾನವಾಗಲಿಲ್ಲ. ಕಮ್ಮಿ ಅಂದರೆ ಸ್ವಲ್ಪವಾದರೂ ಇದೆ ಎಂದಾಯಿತಲ್ಲ! ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದಳು.

ಅವಳಿಗೆ ಒಂದು ಸಲ ಆ ಮರವನ್ನು ಕಣ್ಣಾರೆ ನೋಡಬೇಕೆಂದು ಆಸೆ. ಹಾಸನದ ಒಂದು ಪಾರ್ಕಿನಲ್ಲಿ ಕದಂಬ ಇದೆ ಎಂದು ಪತ್ತೆ ಹಚ್ಚಿ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಲಡ್ಡಿನಂಥ ಉಂಡೆ ಉಂಡೆ ಹೂ ಬಿಟ್ಟಿತ್ತು. ನಾನು ಅದರ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಷ್ಟು ದೂರದಲ್ಲಿ ನಿಂತೇ ಇದ್ದಳು.

‘ಬಾರತ್ತೆ, ಕೂತ್ಕೋ.’

‘ಮಾವನೋರ ಮುಂದೆ ಕೂತ್ಕತಾರೇನೆ?’ ಎಂದಳು ಪಿಸುದನಿಯಲ್ಲಿ. ‘ನೀನೂ ಏಳು. ಕಾಲ್ ಮೇಲೆ ಕಾಲ್ ಬ್ಯಾರೆ ಹಾಕಂಡಿದೀಯ!’

ನಾನು ಎದ್ದು ನಿಂತೆ. ವಾಕಿಂಗ್ ಬಂದವರೆಲ್ಲ ನಮ್ಮನ್ನೂ ಮರವನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. ಒಬ್ಬರು ಮೊಬೈಲ್ ತೆಗೆದು ಮರದ ಫೋಟೋ ಹೊಡೆದುಕೊಂಡರು. ಏನೋ ವಿಶೇಷವಿರಬೇಕು ಎಂದುಕೊಂಡರೋ ಏನೋ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಅತ್ತೆಯ ಸಂಶೋಧನೆಗೆ ರೆಕ್ಕೆ ಬಂತು. ಆಧಾರ್ ಕಾರ್ಡು ಚೀಲಕ್ಕೆ ಹಾಕಿಕೊಂಡು ಬೆಳಗ್ಗೆ ಹೊರಟರೆ ಸಂಜೆ ಬರುವಳು. ಅವಳ ಕ್ರಮವೂ ಬಲು ಸೊಗಸು. ಎಲ್ಲಿ ಹೋದರೂ ಮೊದಲು ಏನಾದರೂ ಕೊಳ್ಳುವಳು, ಆಮೇಲೆ ಕೇಳುವಳು. ಬೋಣಿ ಮಾಡಿದವರಿಗೆ ಉತ್ತರ ಹೇಳದೆ ಕಳಿಸಲಾರರು ಎಂಬ ನಂಬಿಕೆ. ಹೀಗಾಗಿ ಉತ್ತರ ಸಿಗದಿದ್ದರೂ ನನ್ನ ತವರಿನಲ್ಲಿ ಸೊಪ್ಪಿಗೆ ಬರವಿರಲಿಲ್ಲ. ಒಮ್ಮೆ ಜಿನನಾಥಪುರಕ್ಕೆ ಹೋಗಿ ಬಸದಿಯ ಬಳಿ ಕೂತಿದ್ದ ಒಬ್ಬ ವಯಸ್ಸಾದ ಜೈನರನ್ನು ಕೇಳಿದಳಂತೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ‘ಇದಕ್ಯಾಕಮ್ಮ ಇಷ್ಟು ಪೇಚಾಟ? ನಮ್ಮ ಹಾಗೆ ಯಾವ ಪ್ರಾಣೀನೂ ತಿನ್ನದೆ ಇದ್ದುಬಿಡಿ. ಕಡವೆಯಾದ್ರೂ ಸರಿ, ಕೋಳಿಯಾದ್ರೂ ಸರಿ, ಬಾಧಕ ಇಲ್ಲ’ ಎಂದರು. ಅತ್ತೆ ವಾರಗಟ್ಟಲೆ ಯೋಚನೆ ಮಾಡಿದಳು. ಕೋಳಿ ಸಾರಿನ ವಿಷಯದಲ್ಲಿ ಮಾತ್ರ ಅವಳ ತ್ಯಾಗಬುದ್ಧಿ ಹಿಂದೇಟು ಹಾಕಿತು. ‘ಕೋಳಿ ಯಾರ ಬೆಡಗೂ ಅಲ್ವಂತೆ, ಇಚಾರ್ಸಿವ್ನಿ,’ ಎಂದು ನನಗೆ ಫೋನು ಮಾಡಿ ಹೇಳಿದಳು. ಯಾರನ್ನು ವಿಚಾರಿಸಿದಳೋ!

ಗೊರೂರಿಗೆ ಮಾತ್ರ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಮೀನು ಹಿಡಿಯುವವನೊಬ್ಬ, ತಾನು ಮಂಗಳೂರ ಕಡೆ ಕೆಲಸಕ್ಕೆ ಹೋಗಿದ್ದಾಗ ದೋಣಿಯಲ್ಲಿ ಹೊಳೆ ದಾಟುವ ಜಾಗಕ್ಕೆ ಕಡವು ಅನ್ನುವುದನ್ನು ಕೇಳಿದ್ದೇನೆ ಎಂದ. ನೋಡಿ, ಮೂರನೆಯ ಅರ್ಥ! ಪ್ರಾಣಿ ತಿನ್ನದಿರಬಹುದು, ಮರ ಕಡಿಯದಿರಬಹುದು, ಹೊಳೆ ದಾಟುವ ಜಾಗವನ್ನು ಏನು ಮಾಡದಿರುವುದು? ತುಳಿಯದಿರುವುದು! ಆಮೇಲೆ ಕೆಲವು ಕಾಲ ಬಸ್ಸು ಹೊಳೆನರಸೀಪುರದ ಹೇಮಾವತಿ ಸೇತುವೆಗೆ ಬರುತ್ತಲೇ ಅತ್ತೆ ಎರಡು ಕಾಲನ್ನೂ ಎತ್ತಿ ಹಿಡಿದು ಕೂರುತ್ತಿದ್ದಳು. ಕಂಡಕ್ಟರು ಗಾಬರಿಯಾಗಿ, ‘ಏನಮ್ಮ, ಸೀಟಿನ ಕೆಳಗೆ ಇಲಿ ಬಂತಾ?’ ಎಂದ. ಹಿಂದಿನ ಸೀಟಿನವರೂ ಕಾಲೆತ್ತಿದರು! ಮಂಡಿನೋವು ಜಾಸ್ತಿಯಾದ ಮೇಲೆ, ಬೆಡಗೆಂದರೆ ಉಸಿರಿರುವುದೇ ಆಗಿರಬೇಕು ಎಂದು ಅತ್ತೆ ತಾನೇ ತೀರ್ಪು ಕೊಟ್ಟುಕೊಂಡು ಕಾಲು ಕೆಳಗಿಟ್ಟಳು.

ಆದರೆ ಗೊರೂರಿನಲ್ಲಿ ಆ ದಿನ ಅತ್ತೆ ಮೀನಿನವನ ಮಾತು ಮುಗಿದ ಮೇಲೂ ಅಲ್ಲಿಂದ ಕದಲಲಿಲ್ಲ. ಎದುರಿಗೆ ಕಣ್ಣು ಹಾಯುವವರೆಗೆ ನೀರು. ‘ಅಗೋ, ಆ ಕಡೆ ಕಾಣಲ್ವಾ, ಅಲ್ಲೇ ಕಣೆ ನಮ್ಮನೆ,’ ಎಂದು ಕೈತೋರಿಸಿದಳು. ನೀರಿನ ಮೇಲೆ ಅಲ್ಲಿಗೂ ಇಲ್ಲಿಗೂ ಯಾವ ವ್ಯತ್ಯಾಸವೂ ಇರಲಿಲ್ಲ. ‘ಮುಂದ್ಗಡೆ ಜಗಲಿ. ಪಕ್ಕದಾಗೆ ಸೈಕಲ್ ನಿಲ್ಸೋರು.’ ಯಾರು ಎಂದು ನಾನು ಕೇಳಲಿಲ್ಲ. ಅತ್ತೆ ಗಂಡನ ಹೆಸರು ಹೇಳಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅವನ ಒಂದು ಫೋಟೋ ಕೂಡ ಅವಳ ಹತ್ತಿರವಿಲ್ಲ. ನನ್ನ ಹತ್ತಿರವಿದ್ದ ತಮಾಷೆಗಳೆಲ್ಲ ಆವತ್ತು ಖರ್ಚಾಗಿಹೋದವು, ಬಸ್ಸು ಬರುವವರೆಗೂ ಅವಳ ಪಕ್ಕದಲ್ಲಿ ನಿಂತಿದ್ದೆ.

ಕಳೆದ ಅವರೆಕಾಯಿ ಕಾಲದಲ್ಲಿ ಕೊಣನೂರು ಸಂತೆಗೆ ಹೋಗಬೇಕೆಂದು ಹಟ ಹಿಡಿದಳು. ಮಂಡಿನೋವಿನ ಹೆಂಗಸನ್ನು ಒಬ್ಬಳನ್ನೇ ಕಳಿಸುವುದು ಹೇಗೆ? ರಜೆ ಹಾಕಿ ನಾನೂ ಹೋದೆ. ಸಂತೆಯಲ್ಲಿ ಅವಳ ಕ್ರಮದ ಪ್ರಕಾರ ಮೆಣಸಿನಕಾಯಿಯವನನ್ನು ಕೇಳಿದಳು, ಎಲೆಯಡಿಕೆಯವಳನ್ನು ಕೇಳಿದಳು, ನನ್ನ ಎರಡು ಕೈಯಲ್ಲೂ ಚೀಲ ತುಂಬಿದವು. ಕೊನೆಗೆ ಗೋಣಿಚೀಲದ ಮೇಲೆ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಒಬ್ಬ ಹೆಂಗಸಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಾಯಿ ಆರಿಸತೊಡಗಿದಳು. ಆಕೆಗೂ ಕೂದಲೆಲ್ಲ ನೆರೆತಿತ್ತು.

‘ಒಂದು ಮಾತು ಕೇಳ್ತೀನಿ ಕಣವ್ವ. ಕಡವು ಅಂದ್ರೆ ಏನು, ನಿಂಗೇನಾದ್ರೂ ಗೊತ್ತಾ?’

ಆಕೆ ತಕ್ಕಡಿ ಕೆಳಗಿಟ್ಟಳು. ‘ಯಾಕವ್ವ? ಅದು ನಮ್ಮ ತವರಿನ ಬೆಡಗು.’

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಗುಡ್ಡೆಯ ಮೇಲೆ ಬಿತ್ತು. ಯಾವೂರು ನಿನ್ನ ತವರು ಎಂದು ಕೇಳಿದಳು. ‘ಊರೆಲ್ಲೈತೆ ಈಗ? ಗೊರೂರು ಕಟ್ಟೆ ನೀರಾಗೈತೆ,’ ಎಂದಳು ಆಕೆ. ಅತ್ತೆ ಊರಿನ ಹೆಸರು ಹೇಳಿದಳು. ಅದೇ ಊರು, ಕಡವು ಬೆಡಗಿನ ಮನೆ ಅಲ್ಲಿ ಇದ್ದದ್ದು ಅದೊಂದೇ. ‘ನಿಮ್ಮ ದೊಡ್ಡಣ್ಣ... ಸೈಕಲ್ ಇಟ್ಟಿದ್ರಲ್ಲ... ನಾನು ಅವರ...’ ಎಂದಳು ಅತ್ತೆ.

ಆಕೆ ಅತ್ತೆಯ ಮುಖವನ್ನು ದಿಟ್ಟಿಸಿ ನೋಡಿದಳು. ‘ಅತ್ತಿಗೆ?’ ಎಂದಳು.

ಇಬ್ಬರೂ ಕೈಕೈ ಹಿಡಿದುಕೊಂಡು ಸಂತೆಯ ನಡುವೆ ಅತ್ತರು. ಅವರೆಕಾಯಿ ಕೊಳ್ಳಲು ಬಂದ ಒಬ್ಬಾತ ಸಾವಾಗಿದೆ ಎಂದುಕೊಂಡು ತಲೆಗೆ ಸುತ್ತಿದ್ದ ಟವೆಲ್ ತೆಗೆದು ನಿಂತ. ಅವನಿಗೆ ತೂಗಿ ಕೊಟ್ಟು ಕಳಿಸಿದವಳು ನಾನು.

ಅಳು ಮುಗಿದ ಮೇಲೆ ಅತ್ತೆ ತನ್ನ ಕಥೆಯನ್ನೆಲ್ಲ ಹೇಳಿದಳು. ಕಡವೆ ಬಿಟ್ಟದ್ದು, ಕಡ್ಡಿ ಬಿಟ್ಟದ್ದು, ಮಂಚ ಬಿಟ್ಟದ್ದು. ನಾದಿನಿ ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದಳು.

‘ಅಯ್ಯೋ ಅತ್ತಿಗೆ, ನಿಂಗೆ ಯಾರೂ ಹೇಳಲಿಲ್ವಾ? ಅಣ್ಣ ಹೋದ್ಮೇಲೆ ನಿಮ್ಮಪ್ಪಾರು ಕರ್ಕೊಂಡೋಗಾಕೆ ಬಂದಿದ್ರಲ್ಲ, ಆವತ್ತೇ ನಮ್ಮಪ್ಪ ವೀಳ್ಯ ಕೊಟ್ಟು ನಿನ್ನ ಬೆಡಗು ಬಿಡಿಸ್ಬುಟ್ರು. ನಮ್ಮನೇಲಿ ಅದೊಂದು ಪದ್ಧತಿ. ಆವತ್ತಿಂದ ನೀನು ನಿನ್ನ ತವರಿನ ಬೆಡಗೇಯ. ಇಷ್ಟು ಕಾಲ ಸುಮ್ಸುಮ್ನೆ ಒದ್ದಾಡಿದ್ಯಲ್ಲವ್ವ!’

ಒಂದು ಆಯುಷ್ಯ ಪೂರ್ತಿ ಹೊತ್ತದ್ದು ತನ್ನದಲ್ಲ ಎಂದು ಸಂತೆಯಲ್ಲಿ ಕೂತು ಕೇಳುವುದೆಂದರೆ! ಅತ್ತೆ ಮಾತ್ರ ಬೆಚ್ಚಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

‘ಅವ್ರು ಬಿಡಿಸಿದ್ರು. ನಾನೆಲ್ಲಿ ಬಿಟ್ಟೆ?’

ನಾದಿನಿ ಅತ್ತೆಯ ಕೈ ಸವರುತ್ತ ಕೂತಳು. ಆಮೇಲೆ ಅತ್ತೆ ಅದೇ ಪ್ರಶ್ನೆಯನ್ನು ಕೇಳಿದಳು. ಮರವಾ, ಮೃಗವಾ, ಏನು ತಿನ್ನಬಾರದು? ಇನ್ನು ಕೇಳಲು ಬೇರೆ ಯಾರೂ ಇಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ನಾದಿನಿ ತಲೆ ಆಡಿಸಿದಳು.

‘ಗೊತ್ತಿಲ್ಲ ಅತ್ತಿಗೆ. ನಮ್ಮಪ್ಪಂಗೂ ಗೊತ್ತಿರ್ನಿಲ್ಲ, ಅಣ್ಣಂಗೂ ಗೊತ್ತಿರ್ನಿಲ್ಲ. ನೀನು ಕೇಳ್ದೆ ಅಂತ ಅಣ್ಣ ಸೈಕಲ್ ಹಾಕ್ಕೊಂಡು ಊರೂರು ತಿರುಗ್ತಿದ್ದ. ಗೊರೂರಿಗೆ ಹೋದ, ನರಸೀಪುರಕ್ಕೆ ಹೋದ, ಈ ಕೊಣನೂರು ಸಂತೇಗೂ ಬಂದಿದ್ದ. ಯಾರಿಗೂ ಗೊತ್ತಿಲ್ಲ! ನಮ್ಮಪ್ಪ ಬೈದ್ರು, ಅದೇನ್ಲಾ ನಿಂದು ತಿರುಗಾಟ, ನಂಗೊತ್ತಿಲ್ಲ ಕಣೆ ಅಂತ ಒಂದು ಮಾತು ಹೇಳಿ ಮುಗಿಸ್ಬಾರದಾ ಅಂತ. ಆಗ ಅಣ್ಣ ಏನಂದ ಗೊತ್ತಾ? ನಾನಿನ್ನೂ ಲಂಗ ಉಡೋಳು, ಬಾಗ್ಲಲ್ಲಿ ನಿಂತಿದ್ದೆ. ಗೊತ್ತಿಲ್ಲ ಅಂದ್ಬುಟ್ರೆ ನಾಳೆಯಿಂದ ಕೇಳಾಕಿಲ್ಲ ಕಣಪ್ಪ, ಅವಳು ನಂತಾವ ಆಡೋ ಮಾತು ಅದೊಂದೇ, ಅಂದ.’

ಅತ್ತೆ ಮಂಡಿ ಹಿಡಿದುಕೊಂಡು ಎದ್ದಳು. ನಾವು ಬೇಡಬೇಡವೆಂದರೂ ನಾದಿನಿ ಚೀಲದ ತುಂಬ ಅವರೆಕಾಯಿ ಸುರಿದಳು. ಬಸ್ಸಿನವರೆಗೂ ಬಂದು ಹತ್ತಿಸಿ, ‘ಬತ್ತಾ ಇರು ಅತ್ತಿಗೆ’ ಎಂದು ಕಿಟಕಿ ಹಿಡಿದುಕೊಂಡೇ ನಿಂತಿದ್ದಳು.

ಪಕ್ಕದ ಸೀಟಿನಲ್ಲಿ ಕೂತವರನ್ನು ಯಾವೂರು, ಯಾವ ಬೆಡಗು ಎಂದು ಕೇಳದೆ ಅತ್ತೆ ಪ್ರಯಾಣ ಮಾಡಿದ್ದು ನನಗೆ ತಿಳಿದಂತೆ ಅದೇ ಮೊದಲು. ಅರಕಲಗೂಡು ಬಂತು, ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟಿತು. ಅತ್ತೆ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

‘ದಿನಾ ಅದೊಂದೇ ಕೇಳಿದ್ನಲ್ಲೇ ನಾನು,’ ಎಂದಳು. ‘ಉಂಡ್ರಾ ಅಂತಾನಾದ್ರೂ ಒಂದಿನ ಕೇಳ್ಬೋದಿತ್ತು.’